ಸಾಹೇಬರು ದಾಟದ ಹೊಳೆ

ಇವತ್ತು ಬೆಳಗ್ಗೆ ನಂಜನಗೂಡಿನ ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಬಿಸಿ ಕಾಗದದ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನದೇ ಒಂದು ದಡ್ಡತನ ನೆನಪಾಗಿ ಒಬ್ಬನೇ ನಕ್ಕುಬಿಟ್ಟೆ. ಅಂಗಡಿಯಾಕೆ ಒಂದು ಥರಾ ನೋಡಿದರು. ಅವರಿಗೆ ಹೇಳಲಾಗಲಿಲ್ಲ, ನಿಮಗೆ ಹೇಳುತ್ತೇನೆ.

ನಾನು ತಿ. ನರಸೀಪುರದ ಪಿಯು ಕಾಲೇಜೊಂದರಲ್ಲಿ ಇತಿಹಾಸದ ಮೇಷ್ಟ್ರು. ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಸೀಟು ಸಿಕ್ಕರೆ ನಿದ್ದೆ, ಸಿಗದಿದ್ದರೆ ದೇಶದ ಚಿಂತೆ. ಪುಸ್ತಕ ಉರು ಹೊಡೆಸುವುದು ನನಗಾಗದು. ಬ್ರಿಟಿಷರ ಕಾಲದ ಬರಹವನ್ನೇ ಮಕ್ಕಳ ಕೈಗಿಟ್ಟು, ‘ಸುಮ್ಮನೆ ನಂಬಬೇಡಿ, ಪ್ರಶ್ನೆ ಕೇಳಿ’ ಎನ್ನುವುದು ನನ್ನ ಹುಚ್ಚು. ಅದಕ್ಕೆಂದೇ ಒಂದು ಹಾಳೆಯಿತ್ತು: ನಮ್ಮ ಸೀಮೆಯಲ್ಲಿ ಓಡಾಡಿದ ಇಂಗ್ಲಿಷ್ ಅಧಿಕಾರಿಯೊಬ್ಬನ ವರದಿಯ ಒಂದೇ ಒಂದು ಪುಟ, ನಾನೇ ಕನ್ನಡ ಮಾಡಿದ್ದು. ಕಪಿಲೆ ದಾಟಿಸಲು ಹರಿಗೋಲಿನವರು ಒಪ್ಪಲಿಲ್ಲವಂತೆ. ಹೊಳೆ ಏರುತ್ತಿದೆ ಎಂದರಂತೆ. ಆಕಾಶದಲ್ಲಿ ಮೋಡವಿಲ್ಲ, ವಾರದಿಂದ ಹನಿ ಬಿದ್ದಿಲ್ಲ. ಇವರೆಲ್ಲ ಸೋಮಾರಿಗಳು, ಸುಳ್ಳರು ಎಂದು ಪುಟ ಮುಗಿಯುತ್ತಿತ್ತು.

‘ಅವರು ಯಾಕೆ ಸುಳ್ಳು ಹೇಳಿದರು?’ ಎಂದು ಪ್ರತಿ ವರ್ಷವೂ ಕೇಳುತ್ತಿದ್ದೆ. ಉತ್ತರವೂ ನನ್ನ ಬಳಿಯೇ ತಯಾರಿತ್ತು: ಸಾಹೇಬನ ಬಿಟ್ಟಿ ಚಾಕರಿಗೆ ಅದು ಬಡವರ ಪ್ರತಿಭಟನೆ. ಹೇಳುವಾಗ ನನಗೇ ಮೈ ಜುಮ್ಮೆನ್ನುತ್ತಿತ್ತು.

ಒಂದು ವರ್ಷ ಆ ತರಗತಿಯಲ್ಲಿ ಸೌಮ್ಯ ಎಂಬ ಹುಡುಗಿಯಿದ್ದಳು. ಅವಳ ಮನೆಯವರು ತಲೆಮಾರುಗಳಿಂದ ಹರಿಗೋಲು ನಡೆಸುವವರು. ಹಾಳೆ ಹಂಚಿದ ದಿನ ಹಿಂದಿನ ಬೆಂಚಿನ ಮಹೇಶ, ‘ಏನಮ್ಮೀ, ನಿಮ್ದು ಸುಳ್ರ ವಂಸ್ವಾ?’ ಎಂದ. ಕ್ಲಾಸು ನಕ್ಕಿತು. ಹುಡುಗಾಟ ಎಂದು ನಾನೂ ಸುಮ್ಮನಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಮಾರನೆಯ ದಿನದಿಂದ ಸೌಮ್ಯ ಬರಲಿಲ್ಲ.

ಓದು ಬಿಟ್ಟೇಬಿಟ್ಟಳೇನೋ ಎಂದು ಒಳಗೊಳಗೇ ಅಳುಕುತ್ತಿದ್ದೆ. ನಾಲ್ಕನೆಯ ದಿನ ಬಂದಳು. ಎಲ್ಲರೂ ಕೂತರೂ ಹಾಳೆ ಹಿಡಿದು ನಿಂತೇ ಇದ್ದಳು.

‘ಸಾ, ಅವ್ರು ಸುಳ್ಳೇಳಿಲ್ಲ. ನಮ್ ತಾತನ್ ಕೇಳ್ದೆ. ನಮ್ಮೂರ್ ಮಳೆಗೆ ಒಳೆ ಬರಲ್ವಂತೆ ಸಾ. ಒಳೆ ಉಟ್ಟೋ ವಯನಾಡಲ್ಲಿ ಉಯ್ದ್ರೆ ಇಲ್ಲಿ ಬಿಸ್ಲಲ್ಲೇ ಏರ್ತದಂತೆ. ನೀರಿನ್ ಬಣ್ಣ ನೋಡೇ ಏಳ್ಬುಡ್ತಿದ್ರಂತೆ.’

ನಾನು ಬಾಯಿ ತೆರೆಯುವಷ್ಟರಲ್ಲಿ ಪ್ರಶ್ನೆಯೂ ಬಂತು: ‘ಮುಂದಿನ್ ಪುಟ ಎಲ್ಲದೆ ಸಾ?’

ನನಗೆ ಬೇಕಾದ ಬೈಗುಳ ಸಿಕ್ಕಿದ ಖುಷಿಯಲ್ಲಿ ನಾನು ಆ ಪುಟಕ್ಕೇ ಓದು ನಿಲ್ಲಿಸಿದ್ದೆ. ಪ್ರಶ್ನೆ ಕೇಳಿ ಎಂದು ಊರಿಗೆಲ್ಲ ಉಪದೇಶ ಮಾಡುವ ಆಸಾಮಿ ಹಾಳೆ ತಿರುವಿ ನೋಡಿರಲಿಲ್ಲ.

ಇಡೀ ವರದಿ ಮೊಬೈಲಿನಲ್ಲೇ ಇತ್ತು. ತೆಗೆದೆ. ಮಕ್ಕಳೆಲ್ಲ ಮೇಜಿಗೆ ಮುತ್ತಿಕೊಂಡರು. ಒಂದೊಂದೇ ಸಾಲು ಓದಿ ಹೇಳುತ್ತಾ ಹೋದೆ. ಬೆಳಗಾಗುವ ಹೊತ್ತಿಗೆ ಹೊಳೆ ದಡದಲ್ಲಿ ಹೂಡಿದ್ದ ಗುಡಾರದೊಳಕ್ಕೇ ನುಗ್ಗಿತಂತೆ. ಸಾಹೇಬನ ಬೂಟು ನೆನೆಯಿತಂತೆ, ಸಾಮಾನನ್ನೆಲ್ಲ ದಿಬ್ಬಕ್ಕೆ ಹೊರಿಸಿದನಂತೆ. ಎಲ್ಲವನ್ನೂ ತಾನೇ ಬರೆದಿದ್ದಾನೆ. ಹಿಂದಿನ ಪುಟದ ಮಾತನ್ನು ಮಾತ್ರ ಹಿಂತೆಗೆದುಕೊಂಡಿಲ್ಲ.

ಕ್ಲಾಸು ಹೋ ಎಂದಿತು. ನಾನೂ ಮೇಷ್ಟ್ರೆಂಬುದನ್ನು ಮರೆತು ಮೇಜು ಗುದ್ದಿದೆ. ‘ಲೇ, ಇವ್ನೇ ಕಣ್ಲಾ ಸುಳ್ಳ!’ ಎಂದು ಕೂಗಿದವನು ಅದೇ ಮಹೇಶ.

‘ಸುಳ್ಳ ಅಲ್ಲ ಕಣೋ’ ಎಂದಳು ಸೌಮ್ಯ. ‘ಅವ್ನಿಗೆ ಗೊತ್ತಿರ್ನಿಲ್ಲ. ಯಾಕೆ ಅಂತ ಒಂದ್ ಮಾತು ಕೇಳ್ಬೋದಿತ್ತು.’

ಇಷ್ಟು ವರ್ಷ ಪಾಠ ಮಾಡಿದ ನನಗೆ ಹೊಳೆಯದಿದ್ದ ತೀರ್ಪು ಅದು. ಹರಿಗೋಲಿನವರು ಸುಳ್ಳು ಹೇಳಿದರೆಂದು ನಾನೂ ಸಾಹೇಬನನ್ನು ನಂಬಿಕೊಂಡೇ ಅವರ ಪರ ವಕಾಲತ್ತು ವಹಿಸಿದ್ದೆನಲ್ಲ! ಎಲ್ಲರೆದುರೇ ಹೇಳಿದೆ: ‘ತಪ್ಪಾಯ್ತಮ್ಮ. ನಾನೂ ಹಾಗೇ ನಂಬಿಬಿಟ್ಟಿದ್ದೆ.’

ಅವಳು ಹಾಳೆ ಮಡಿಸುತ್ತಾ ಮೆಲ್ಲಗೆ ಅಂದಳು: ‘ನಮ್ಮನೆ ಇಲ್ಲೇ ಅಲ್ವಾ ಸಾ. ನೀವೂ ಕೇಳ್ಬೋದಿತ್ತು.’

ಇವತ್ತು ಜೆರಾಕ್ಸ್ ಮಾಡಿಸಿದ್ದು ಈ ವರ್ಷದ ಹೊಸ ಹಾಳೆ, ಸುತ್ತೂರಿನ ಕಡೆಯ ರಾಗಿ ಹೊಲಗಳ ಬಗ್ಗೆ ಇನ್ನೊಬ್ಬ ಸಾಹೇಬ ಬರೆದದ್ದು. ನಿನ್ನೆ ಅಲ್ಲಿಗೇ ಹೋಗಿ, ಹೊಲದಲ್ಲಿದ್ದ ಅಜ್ಜಿಯೊಬ್ಬರಿಗೆ ಓದಿ ಹೇಳಿ, ನನ್ನ ವಿವರಣೆಯನ್ನೂ ಒಪ್ಪಿಸಿದೆ. ಸಾಹೇಬನದು ಒಂದು ತಪ್ಪಂತೆ, ನನ್ನದು ಮೂರು. ಅದನ್ನು ಮಕ್ಕಳಿಗೆ ಯಾವಾಗ ಹೇಳೇನು ಎಂಬ ಸಡಗರದಲ್ಲಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.