ಗದ್ವಾಲದ ಮನೆಯಲ್ಲಿ ಬೆಳವ

ಗದ್ವಾಲದಲ್ಲಿ ಮಣ್ಣನ್ನು ಮೇಲೆ ತೂಗು ಹಾಕುತ್ತಾರೆ. ಮೊಮ್ಮಗಳ ಮನೆಯ ಮೆಟ್ಟಿಲು ಹತ್ತಿ ವರಾಂಡಕ್ಕೆ ಕಾಲಿಟ್ಟಾಗ ಮೊದಲು ನನ್ನ ಹಣೆಗೆ ಬಡಿದದ್ದೇ ಅದು. ನಮ್ಮ ಊರಿನಲ್ಲಿ ಜಂತಿಗೆ ತೂಗುವುದು ನೆಲುವು. ಹಗ್ಗದ ಆ ಜೋಲಿಯಲ್ಲಿ ಮೊಸರು, ಬೆಣ್ಣೆ, ಉಳಿದ ರೊಟ್ಟಿ ಇರುತ್ತವೆ, ಬೆಕ್ಕಿನ ಬಾಯಿಗೆ ಸಿಗಬಾರದೆಂದು. ಇಲ್ಲಿ ಸಾಲಾಗಿ ಐದು ಕುಂಡ, ಕುಂಡದ ತುಂಬ ಮಣ್ಣು, ಮಣ್ಣಿನಲ್ಲಿ ಪಲ್ಯಕ್ಕೂ ಬಾರದ ಬಳ್ಳಿ. ತಿನ್ನುವುದನ್ನು ನೆಲದ ಮೇಲಿಟ್ಟು ಮಣ್ಣನ್ನು ಮೇಲೆ ಕಟ್ಟುವ ಊರಿನಲ್ಲಿ ನಾನು ಹೇಗೆ ಬಾಳಲಿ ಎಂದುಕೊಂಡೆ.

ನಾನು ಹೊಳೆಯಾಚೆ ಮಕ್ತಲದ ಕಡೆಯವಳು. ಬಸ್ಸಿನಲ್ಲಿ ಕೂತರೆ ಹೊತ್ತೇನೂ ಹಿಡಿಯುವುದಿಲ್ಲ. ದೂರ ಇರುವುದು ದಾರಿಯಲ್ಲಲ್ಲ, ಬಾಯಲ್ಲಿ. ತೆಲುಗು ನನಗೆ ಬರುವುದಿಲ್ಲ ಎಂದಲ್ಲ. ಮೆಣಸಿನಕಾಯಿ ಚೌಕಾಸಿ ಮಾಡುವ ತೆಲುಗು, ಜಗಳ ಮಾಡುವ ತೆಲುಗು ಸಂತೆಯಲ್ಲೇ ಕಲಿತಿದ್ದೇನೆ. ಮನೆಯೊಳಗಿನ ತೆಲುಗು ಯಾರೂ ಕಲಿಸಿರಲಿಲ್ಲ. ಬಂದ ಮರುದಿನ ಬೆಳಿಗ್ಗೆ ಕೆಳಗಿನ ಮನೆಯ ಒಡತಿ ಲಕ್ಷ್ಮಮ್ಮ ಅಂಗಳದಿಂದಲೇ ಕೂಗಿ ಕೇಳಿದಳು, "ಪೆದ್ದಮ್ಮಾ, ಕುಂಡೀಲ ನೀಳ್ಳು ಪೋಸಿನವಾ?" ನೀಳ್ಳು ಅಂದರೆ ನೀರು, ಅದು ಗೊತ್ತು. ಕುಂಡಿ ಅಂದರೂ ಗೊತ್ತು. ಈ ವಯಸ್ಸಿನಲ್ಲಿ ಅದನ್ನು ತೊಳೆದುಕೊಂಡೆಯಾ ಎಂದು ಓಣಿಯ ತುಂಬ ಕೇಳುವ ಇವಳು ಎಂಥ ಹೆಂಗಸು ಎಂದು ನಾನು ತಿರುಗಿ ಏನೋ ಅಂದುಬಿಟ್ಟೆ. ಮೊಮ್ಮಗಳು ಸುನಂದಾ ಹಾಸಿಗೆಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಲ್ಲಿ ಕುಂಡಿ ಅಂದರೆ ಗಿಡ ಹಾಕುವ ಕುಂಡವಂತೆ. ಗಿಡಗಳು ಲಕ್ಷ್ಮಮ್ಮನವು, ನೀರು ಹಾಕುವುದು ಬಾಡಿಗೆಯವರ ಪಾಲಿನ ಕೆಲಸ.

ಸುನಂದಾ ನನ್ನ ಮಗಳ ಮಗಳು. ಮಗಳು ತೀರಿಕೊಂಡಿದ್ದಾಳೆ, ಅದಕ್ಕೇ ಬಾಣಂತನ ನನ್ನ ಮೈಮೇಲೆ ಬಂತು. ಮೊದಲಿನ ಕೂಸು ಸುನಂದಾಳ ಹೊಟ್ಟೆಯಲ್ಲೇ ಹೋಗಿತ್ತು. ಇದು ಏಳು ತಿಂಗಳಿಗೇ ಹುಟ್ಟಿದ ಹೆಣ್ಣುಕೂಸು. ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಆಮೇಲೆ ಮನೆಗೆ ಕೊಟ್ಟಿದ್ದರು. ನಾನು ಆರು ಹೆತ್ತವಳು, ನೂರು ಕೂಸುಗಳಿಗೆ ನೀರೆರೆದವಳು. ಈ ಕೂಸನ್ನು ಕೈಗೆ ತೆಗೆದುಕೊಳ್ಳಲು ಮಾತ್ರ ಹೆದರಿದೆ. ತೊಡೆ ನನ್ನ ಹೆಬ್ಬೆರಳಿನಷ್ಟು ದಪ್ಪ. ಎಣ್ಣೆ ತಿಕ್ಕಬೇಡ, ಹೊಗೆ ಹಾಕಬೇಡ, ತಾಯಿ ಎದೆಗೆ ಕಟ್ಟಿಕೊಂಡು ಕೂತಿರಲಿ ಎಂದು ಡಾಕ್ಟರಮ್ಮ ಹೇಳಿದ್ದಳಂತೆ. ನಮ್ಮ ಕಡೆ ಬಾಣಂತಿಯ ಮಂಚದ ಕೆಳಗೆ ಕೆಂಡ ಇರದಿದ್ದರೆ ಓಣಿಯವರು ಉಗಿಯುತ್ತಾರೆ. ಇಲ್ಲಿ ನನಗೆ ಗೊತ್ತಿದ್ದದ್ದೆಲ್ಲ ಬೇಡ ಅನ್ನಿಸಿಕೊಂಡಿತು. ಬಟ್ಟೆ ಒಗೆದೆ, ರೊಟ್ಟಿ ಬಡಿದೆ, ಕೂಸು ಉಸಿರಾಡುತ್ತಿದೆಯೋ ಇಲ್ಲವೋ ಎಂದು ತಾಸಿಗೊಮ್ಮೆ ಮೂಗಿನ ಹತ್ತಿರ ಬೆರಳು ಹಿಡಿದೆ.

ಬಿಸಿಲಿಗೆ ಮೇಲಿನ ಛತ್ತು ಕಾದು ಒಳಗೆ ಹಂಚಿನಂತಾಗುತ್ತಿತ್ತು. ಗಾಳಿ ಇದ್ದದ್ದು ವರಾಂಡದಲ್ಲಿ ಮಾತ್ರ. ಐದು ಕುಂಡದ ಆಚೆ ಆರನೆಯ ಕೊಂಡಿ ಖಾಲಿ ಇತ್ತು. ನನ್ನ ಹಳೆಯ ನಾರಾಯಣಪೇಟೆ ಸೀರೆಯನ್ನು ಅದಕ್ಕೆ ಬಿಗಿದು ಜೋಲಿ ಕಟ್ಟಿದೆ. ಸುನಂದಾಳ ಎದೆ ಬಿಟ್ಟ ಹೊತ್ತಿನಲ್ಲಿ ಕೂಸು ಅದರಲ್ಲಿ ಮಲಗುತ್ತಿತ್ತು.

ವಾರ ಕಳೆಯುವುದರೊಳಗೆ ಐದನೆಯ ಕುಂಡಕ್ಕೆ ಬೆಳವ ಬಂತು, ಪಾರಿವಾಳದ ಜಾತಿಯ ಆ ಬೂದು ಹಕ್ಕಿ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳವ ಹೊಲದಲ್ಲಿ ಕೂಗಲಿ, ಬೇವಿನ ಮರದಲ್ಲಿ ಕೂಗಲಿ, ಯಾರೂ ಕೇಳುವುದಿಲ್ಲ. ಮನೆಯೊಳಗೆ ಗೂಡು ಕಟ್ಟಿದರೆ ಆ ಮನೆ ಬರಿದಾಗುತ್ತದೆ. ನನ್ನ ಅತ್ತೆ ಮೊದಲ ಕಡ್ಡಿ ಕಂಡ ದಿನವೇ ಕೋಲು ಹಿಡಿಯುತ್ತಿದ್ದಳು. ನಾನು ನೋಡುವ ಹೊತ್ತಿಗೆ ಗೂಡಿನಲ್ಲಿ ಎರಡು ಮೊಟ್ಟೆ ಇದ್ದವು, ಕೂಸಿನ ಜೋಲಿಯಿಂದ ಒಂದು ಮೊಳದಾಚೆ. ಸುನಂದಾಳಿಗೆ ಹೇಳಿದೆ.

"ಇರ್ಲಿ ಬಿಡು ಆಯಿ, ಅದಕ್ಕೂ ಎಲ್ಲೂ ಬಾಡಿಗಿ ಮನಿ ಸಿಕ್ಕಿಲ್ಲ" ಅಂದಳು.

"ನಿಮ್ಮವ್ವ ಇದ್ದಿದ್ರ ಇಷ್ಟೊತ್ತಿಗೆ ಕಿತ್ತು ಒಗಿತಿದ್ಳು."

ಅವಳ ಮುಖ ಸಣ್ಣದಾಯಿತು. ಆಡಬಾರದಿತ್ತು, ಆಡಿದ್ದೆ.

ಮರುದಿನ ಅವಳ ಗಂಡ ಹತ್ತಿಬೀಜದ ಗೋದಾಮಿಗೆ ಹೋದ ಮೇಲೆ, ಅವಳಿಗೆ ಜೋಂಪು ಹತ್ತಿದ್ದನ್ನು ನೋಡಿ ಸ್ಟೂಲು ಹತ್ತಿದೆ. ಬೆಳವ ಏಳಲಿಲ್ಲ. ಕೈ ಹತ್ತಿರ ಒಯ್ದರೂ ಏಳಲಿಲ್ಲ. ರೆಪ್ಪೆ ಬಡಿಯದೆ ನೋಡಿತು. ಕನಿಕರ ಗಿನಿಕರ ನನಗೆ ಬರಲಿಲ್ಲ. ರೆಕ್ಕೆ ಹಿಡಿದು ಎತ್ತಬೇಕು ಎನ್ನುವಾಗ, ಮೇಲೆ ಸಂಡಿಗೆ ಒಣಹಾಕಲು ಬಂದಿದ್ದ ಲಕ್ಷ್ಮಮ್ಮ ನನ್ನ ಮೊಣಕೈ ಹಿಡಿದಳು. ಅವಳು ತೆಲುಗಿನಲ್ಲಿ ಹೇಳಿದ್ದು ನನಗೆ ಅರ್ಥವಾದಷ್ಟು ಇಷ್ಟು: ಹಸಿಗೂಸಿರುವ ಮನೆಯಲ್ಲಿ ಗುವ್ವ ಮೊಟ್ಟೆ ಇಟ್ಟರೆ ಕೂಸು ಉಳಿಯುತ್ತದೆ, ಆ ಮೊಟ್ಟೆ ತೆಗೆದರೆ ಕೂಸಿಗೆ ಸಾವು ಬರುತ್ತದೆ. ನಮ್ಮ ಬೆಳವವೇ ಇವರ ಗುವ್ವ.

ಸ್ಟೂಲಿನ ಮೇಲೆ ನಿಂತೇ ಲೆಕ್ಕ ಹಾಕಿದೆ. ಹೊಳೆಯ ಆ ದಂಡೆಯವರು ಇಟ್ಟುಕೊಂಡರೆ ಸಾವು ಅನ್ನುತ್ತಾರೆ, ಈ ದಂಡೆಯವರು ಕಿತ್ತರೆ ಸಾವು ಅನ್ನುತ್ತಾರೆ. ಹಕ್ಕಿ ಒಂದೇ, ಕೂಸೂ ಒಂದೇ. ನಮ್ಮೂರಲ್ಲಿದ್ದರೆ ಒಂದು ಮಾತು ಕೇಳಿ ಹಾಗೆ ನಡೆದರೆ ಸಾಕಿತ್ತು. ಇಳಿದುಬಿಟ್ಟೆ.

ಜೋಲಿಯನ್ನು ಒಳಗೆ ಕಟ್ಟಿ ನೋಡಿದೆ. ಕಾವಿಗೆ ಕೂಸಿನ ಮೈ ಕೆಂಪಾಗಿ ಬೊಕ್ಕೆ ಎದ್ದವು, ಮತ್ತೆ ಹೊರಗೆ ತಂದೆ. ಅವು ಕೆಟ್ಟ ದಿನಗಳು. ಬೆಳವ ಕೂಗಿದರೆ ಬೆರಳು ಹಿಡಿದುಕೊಂಡು ಕೂಸಿನ ಮೂಗಿನ ಹತ್ತಿರ ಹೋಗುತ್ತಿದ್ದೆ. ಅದು ಕೂಗದೆ ಸುಮ್ಮನಿದ್ದರೆ ಇನ್ನೂ ಬೇಗ ಹೋಗುತ್ತಿದ್ದೆ. ಈ ಕಡೆ ಸುನಂದಾ ಕೂಸನ್ನು ಎದೆಗೆ ಕಟ್ಟಿಕೊಂಡು ಅಲ್ಲಾಡದೆ ಕೂತಿರುತ್ತಿದ್ದಳು, ಆ ಕಡೆ ಅದು ಕೂತಿರುತ್ತಿತ್ತು. ನಾನು ನಡುವೆ ಕಸಬರಿಗೆ ಹಿಡಿದು ಓಡಾಡುತ್ತಿದ್ದೆ. ಮೊಟ್ಟೆ ಒಡೆದು ಮರಿ ಬಂದವು. ಅದೇ ದಿನ ಕೂಸು ಎರಡು ಸಲ ಹಾಲು ಕಕ್ಕಿತು. ಊರಿಗೆ ಫೋನು ಮಾಡಿ ಮಗನಿಗೆ ಎಲ್ಲ ಹೇಳಿದೆ. ಹೇಳಬಾರದಿತ್ತು. ಆ ಮನೆಯ ಗಾಳಿ ಹೊತ್ತುಕೊಂಡು ಇಲ್ಲಿಗೆ ಬರುವುದು ಬೇಡ, ಗೂಡು ಕಿತ್ತು, ಮೈ ತೊಳೆದುಕೊಂಡು ಬರಲಿ ಎಂದು ಸೊಸೆ ಅಂದಳಂತೆ. ಅವಳ ಮಕ್ಕಳೂ ಸಣ್ಣವರು. ನಾನಿದ್ದರೂ ಹಾಗೇ ಅನ್ನುತ್ತಿದ್ದೆ.

ಒಂದು ಮಧ್ಯಾಹ್ನ ಹಿಂದಿನ ಬಚ್ಚಲಲ್ಲಿ ನಳ ಬಿಟ್ಟು ಕೂಸಿನ ಬಟ್ಟೆ ಹಿಂಡುತ್ತಿದ್ದೆ. ಕೂಸನ್ನು ಜೋಲಿಗೆ ಹಾಕಿ ಬಂದು ಸ್ವಲ್ಪ ಹೊತ್ತಾಗಿತ್ತು. ಅಂಗಳದಿಂದ ಲಕ್ಷ್ಮಮ್ಮ ಕೂಗಿದಳು.

"ಪಿಲ್ಲ ಪಡ್ಡದಿ, ಪೆದ್ದಮ್ಮಾ! ಪಿಲ್ಲ ಪಡ್ಡದಿ!"

ಪಿಲ್ಲ ಅಂದರೆ ಹುಡುಗಿ. ನಮ್ಮ ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ, ಲಕ್ಷ್ಮಮ್ಮ ದಿನಾ ಅದನ್ನು ಪಿಲ್ಲ ಎಂದೇ ಕರೆಯುತ್ತಿದ್ದಳು. ಪಡ್ಡದಿ ಅಂದರೆ ಬಿತ್ತು. ವರಾಂಡಕ್ಕೆ ಹೇಗೆ ಬಂದೆನೋ ತಿಳಿಯದು. ಜೋಲಿಗೆ ಕೈ ಹಾಕಿದೆ. ಖಾಲಿ. ಸೀರೆ ಬಿಡಿಸಿ ನೋಡಿದೆ. ಖಾಲಿ. ಕಟ್ಟೆಯ ಮೇಲಿಂದ ಬಗ್ಗಿದೆ. ಕೆಳಗೆ ಕಲ್ಲುಹಾಸಿನ ಮೇಲೆ ಲಕ್ಷ್ಮಮ್ಮ ಕುಕ್ಕರಗಾಲಲ್ಲಿ ಕೂತು ಏನನ್ನೋ ಎರಡು ಕೈಯಿಂದ ಎತ್ತುತ್ತಿದ್ದಳು. ಅವಳ ಬೆನ್ನು ಅಡ್ಡ ಇತ್ತು.

ಮೆಟ್ಟಿಲನ್ನು ಕೂತುಕೊಂಡೇ ಇಳಿದೆ. ಮಗಳು ಸತ್ತಾಗಲೂ ಹೀಗಾಗಿರಲಿಲ್ಲ. ಕೆಳಗೆ ಬಂದು ಅವಳ ಕೈ ಬಿಡಿಸಿದೆ. ಅರ್ಧ ರೆಕ್ಕೆ ಬಂದ ಬೆಳವದ ಮರಿ, ಬಾಯಿ ತೆರೆದುಕೊಂಡಿತ್ತು. ಅದೇ ಹೊತ್ತಿಗೆ ಮೇಲಿನಿಂದ ಸುನಂದಾ ಇಣುಕಿದಳು, ಕೂಸು ಹೆಗಲ ಮೇಲಿತ್ತು. ಒಳಗಿನ ಖೋಲಿಯಲ್ಲಿ ಬಾಗಿಲು ಹಾಕಿಕೊಂಡು ಹಾಲು ಕುಡಿಸುತ್ತಿದ್ದಳಂತೆ.

ನಮ್ಮಲ್ಲಿ ಕೂಸು ಅಂದರೆ ಕೂಸು, ಮರಿ ಅಂದರೆ ಮರಿ. ಇವರಿಗೆ ಎರಡೂ ಪಿಲ್ಲವೇ. ಲಕ್ಷ್ಮಮ್ಮನಿಗೆ ನನ್ನ ಬಾಯಲ್ಲಿದ್ದ ಕನ್ನಡವನ್ನೆಲ್ಲ ಬೈದೆ, ಅವಳ ಸತ್ತ ಅತ್ತೆಯನ್ನೂ ಬಿಡಲಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮರಿಯ ಎದೆಗೆ ಬೆರಳಿಟ್ಟು ನೋಡಿ, ಅದನ್ನು ನನ್ನ ಅಂಗೈಯಲ್ಲಿಟ್ಟು ಮೆಲ್ಲಗೆ ಅಂದಳು, "ಪಿಲ್ಲ ಬತಿಕಿಂದಿ, ಪೆದ್ದಮ್ಮಾ."

ಪಿಲ್ಲ ಬದುಕಿತು.

ಆ ಮಾತನ್ನು ಅಷ್ಟು ದಿನದಲ್ಲಿ ಡಾಕ್ಟರಮ್ಮ ಅಂದಿರಲಿಲ್ಲ, ನಾವೂ ಅಂದಿರಲಿಲ್ಲ, ಅಂದರೆ ದೃಷ್ಟಿಯಾದೀತೆಂದು. ಈಗ ಒಬ್ಬ ಹೆಂಗಸು ಆಡಿಬಿಟ್ಟಿದ್ದಳು. ಯಾವ ಪಿಲ್ಲ ಎಂದು ಅವಳು ಬಿಡಿಸಿ ಹೇಳಿರಲಿಲ್ಲ. ಈ ಮರಿಯನ್ನು ಬೆಕ್ಕಿಗೆ ಬಿಟ್ಟರೆ ಆ ಮಾತು ಸುಳ್ಳಾಗುತ್ತದೆ. ಮಾತು ಸುಳ್ಳಾದರೆ ಅದು ಯಾವ ಪಿಲ್ಲಕ್ಕೆ ತಟ್ಟುತ್ತದೆಂದು ಯಾರಿಗೆ ಗೊತ್ತು? ಮರಿಯನ್ನು ಸೆರಗಿನಲ್ಲಿ ಹಿಡಿದು ಮೇಲೆ ಹತ್ತಿದೆ, ಸ್ಟೂಲು ಹಾಕಿದೆ. ಮನೆ ಬರಿದು ಮಾಡುತ್ತದೆ ಎಂದು ನನ್ನ ಅತ್ತೆ ಹೇಳಿಕೊಟ್ಟ ಹಕ್ಕಿಯನ್ನು ನನ್ನ ಕೈಯಾರೆ ಗೂಡಿಗೆ ಇಟ್ಟೆ. ಸುನಂದಾ ಸ್ಟೂಲಿನ ಕಾಲು ಹಿಡಿದುಕೊಂಡಿದ್ದಳು.

ಆಮೇಲೆ ನನಗೆ ಎರಡು ಕಾವಲು. ಬೆಕ್ಕು ಬಾರದಂತೆ ಮೆಟ್ಟಿಲ ಬಾಯಿಗೆ ತಗಡು ಇಟ್ಟೆ. ಕುಂಡಕ್ಕೆ ನೀರು ಹಾಕುವಾಗ ಗೂಡು ನೆನೆಯದಂತೆ ಲೋಟದಿಂದ ಅಂಚಿಗೆ ಹಾಕಿದೆ. ಹತ್ತು ದಿನಕ್ಕೆ ಎರಡೂ ಹಾರಿದವು. ಕೂಸಿನ ಕೆನ್ನೆಯೂ ತುಂಬಿತು, ತೂಕ ಸಾಲದು ಎಂದು ಡಾಕ್ಟರಮ್ಮ ಇನ್ನೂ ಅನ್ನುತ್ತಾಳೆ. ಲಕ್ಷ್ಮಮ್ಮ ಆ ಕುಂಡಕ್ಕೆ ಅರಿಶಿನ ಕುಂಕುಮ ಹಚ್ಚಿ ಹೋದಳು. ನಾನು ಒರೆಸಲಿಲ್ಲ, ಕೈಯನ್ನೂ ಮುಗಿಯಲಿಲ್ಲ.

ನಿನ್ನೆ ಮಗ ಫೋನು ಮಾಡಿದ್ದ. ಹೊಲದಲ್ಲಿ ಹತ್ತಿ ಬಿಡಿಸುವ ಕೆಲಸ ಬಂದಿದೆ, ಮಕ್ಕಳನ್ನು ನೋಡಿಕೊಳ್ಳಲು ನಾನು ಬೇಕು.

"ಅವ್ವಾ, ಬೆಳವ ಹೋತೇನು? ನಿನ್ ಸೊಸಿ ಕೇಳಾಕತ್ತಾಳ."

ಜೋಲಿಯಲ್ಲಿ ಕೂಸು ಕಾಲು ಆಡಿಸುತ್ತಿತ್ತು. ಐದನೆಯ ಕುಂಡದ ಅಂಚಿನ ಮೇಲೆ ಬೆಳವ ಮತ್ತೆ ಬಂದು ಕೂತಿತ್ತು, ಬಾಯಲ್ಲಿ ಹೊಸ ಕಡ್ಡಿ.

"ಹೋತಪಾ" ಅಂದೆ. "ಮುಂದಿನ ತಿಂಗಳ ಬರ್ತೀನಿ."