ಟಾರ್ಪಾಲ್ ಸಾಹೇಬರ ಸ್ನಾನದ ಪರದೆ

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಲಾರಿಗಳಿಗೆ ಟಾರ್ಪಾಲ್ ಹೊಲಿಯುವ ಮಹಬೂಬ್ ಸಾಹೇಬರು ಮೂವತ್ತು ವರ್ಷ ಮುಂಗಾರಿನೊಡನೆ ಯುದ್ಧ ಮಾಡಿದವರು, ಒಮ್ಮೆಯೂ ಸೋತವರಲ್ಲ. ಅವರ ಟಾರ್ಪಾಲ್ ಹೊದ್ದು ಘಾಟಿ ಇಳಿದ ಈರುಳ್ಳಿ ಕೇರಳದಲ್ಲಿ ಸಿಪ್ಪೆ ಕೂಡ ನೆನೆಯದೆ ಇಳಿಯುತ್ತಿತ್ತು. ಇಂಥ ವೀರರನ್ನು ಸ್ವಂತ ಮನೆಯ ಬಚ್ಚಲಲ್ಲಿ ಸೋಲಿಸಿದ್ದು ಅಳಿಯ ಹಾಕಿಸಿಕೊಟ್ಟ ಶವರ್.

ಸಂಜೆ ನಾಲ್ಕಕ್ಕೆ ಅಂಗಡಿಯಿಂದ ಬಂದು ಶವರ್ ಕೆಳಗೆ ನಿಂತರೆಂದರೆ ಸಾಹೇಬರು ಈ ಲೋಕದಲ್ಲಿ ಇರುತ್ತಿರಲಿಲ್ಲ. ಬಿಸಿನೀರು ನೆತ್ತಿಗೆ ಬಿದ್ದೊಡನೆ ಟೈಲ್ಸ್ ಕರಗಿ ಕೇರಳದ ದಾರಿಯ ಮದ್ದೂರಿನ ಕಾಡು ತೆರೆದುಕೊಳ್ಳುತ್ತಿತ್ತು. ಮಂಜಿನಲ್ಲಿ ಲಾರಿಗಳು ಆನೆಗಳಂತೆ ಮೆಲ್ಲಗೆ ತೇಲುತ್ತಿದ್ದವು. ಸಾವಿರಾರು ಟಾರ್ಪಾಲ್ ಕಳಿಸಿದ ಆ ದಾರಿಯಲ್ಲಿ ಸಾಹೇಬರು ಒಮ್ಮೆಯೂ ಹೋದವರಲ್ಲ. ಅವರ ಪ್ರಯಾಣವೆಲ್ಲ ಬಚ್ಚಲ ಮೂಲೆಯ ಗೇಣೆತ್ತರದ ಕಟ್ಟೆಯೊಳಗೆ. ತಿರುವು ಬಂದಾಗ ಬಾಯಲ್ಲೇ ಸಣ್ಣದಾಗಿ ಹಾರನ್ ಹಾಕುತ್ತಿದ್ದರು.

ಪ್ರಯಾಣ ಮುಗಿಯುವಷ್ಟರಲ್ಲಿ ಕಟ್ಟೆಯಾಚೆಯ ನೆಲ ಕೆರೆಯಾಗಿರುತ್ತಿತ್ತು. ಅಲ್ಲಿನ ನಲ್ಲಿಯಲ್ಲೇ ಅವರ ಹೆಂಡತಿ ಮೈಮುನಾ ಸಂಜೆಯ ನಮಾಜಿಗೆ ಮುಂಚೆ ಕೈಕಾಲು ತೊಳೆಯಬೇಕು. ಹೋದ ತಿಂಗಳು ಜಾರಿ ಪಾದ ಉಳುಕಿಸಿಕೊಂಡಿದ್ದರು. ಮನೆಯ ಉರ್ದು ಗಂಡನಿಗಷ್ಟೇ ಕೇಳುತ್ತದೆ, ಕನ್ನಡವಾದರೆ ಬೀದಿಗೆಲ್ಲ ಕೇಳುತ್ತದೆ ಎಂದು ಬಲ್ಲ ಆಕೆ, ಕಾಂಪೌಂಡಿನಾಚೆಯ ಚಿಕ್ಕಮಲ್ಲಮ್ಮನಿಗೆ ತೀರ್ಪು ಓದಿ ಹೇಳಿದರು.

"ಶುಕ್ರವಾರಕ್ಕೆ ನೆಲ ಒಣಗಿರ್ಬೇಕು ಅಕ್ಕ. ಇಲ್ದಿದ್ರೆ ಇವ್ರು ಅಂಗಡಿ ಹಿಂದ್ಗಡೆ ತೊಟ್ಟೀಲಿ ನೀರ್ ಉಯ್ಕೊಂಡು ಬರ್ಲಿ."

"ಆ ಲಾರಿ ತೊಳೆಯೋ ತಾವ್ಲಾ? ಸರಿಯಾಯ್ತದೆ ಬುಡು."

ಲಾರಿ ತೊಳೆಯುವ ತೊಟ್ಟಿಯಲ್ಲಿ ಯಾವ ಕಾಡು, ಯಾವ ಮಂಜು? ಸಾಹೇಬರು ಅಂದೇ ಬಚ್ಚಲಿಗೊಂದು ಪರದೆ ತರಲು ವೃಷಭೇಂದ್ರಪ್ಪನ ಅಂಗಡಿಗೆ ದಂಡೆತ್ತಿ ಹೋದರು.

"ಹೂವಿಂದು ತಕ್ಕೊಳಿ ಸಾಬ್ರೆ. ಎಲ್ರೂ ಅದ್ನೇ ತಕ್ಕೊಂಡೋಯ್ತಾವ್ರೆ."

"ಹೂವು ನೀರ್ ತಡೀತದಾ?"

ಸಾಹೇಬರು ಒಂದೊಂದು ಪರದೆಯನ್ನೂ ಹೆಬ್ಬೆರಳಲ್ಲಿ ಉಜ್ಜಿದರು, ಮೂಸಿದರು, ಕುಡಿಯಲು ಕೊಟ್ಟ ನೀರನ್ನು ಅದರ ಮಡಿಕೆಯೊಳಗೆ ಹುಯ್ದು ತಳ ಮುಟ್ಟಿ ನೋಡಿದರು.

"ಸಾಬ್ರೆ, ಇದು ಬಚ್ಚಲಿಗೆ ಕಣಿ," ಎಂದ ವೃಷಭೇಂದ್ರಪ್ಪ. "ಇದ್ನ ಕಟ್ಕೊಂಡು ಕ್ಯಾಲಿಕಟ್‌ಗೆ ಓಗಂಗಿಲ್ಲ."

ಕೊನೆಗೆ ಗೆದ್ದದ್ದು ಮೋಡದ ಬಣ್ಣದ ಪರದೆ. ಗುರುವಾರ ಅದಕ್ಕೆ ಪಟ್ಟಾಭಿಷೇಕ. ಕಂಬಿಗೆ ಹನ್ನೆರಡು ಬಳೆ ಪೋಣಿಸಿ ಇಳಿಬಿಟ್ಟರು. ಟಾರ್ಪಾಲಿನ ಅಂಚು ಯಾವತ್ತೂ ಲಾರಿಯ ಹಲಗೆಯಿಂದ ಹೊರಗೆ ಬೀಳಬೇಕು, ಒಳಗೆ ಬಿದ್ದರೆ ಸರಕು ಹಾಳು ಎಂದು ಉಸ್ತಾದರು ಕಿವಿ ಹಿಂಡಿ ಕಲಿಸಿದ್ದರು. ಅದರಂತೆ ಪರದೆಯ ಅಂಚನ್ನು ಕಟ್ಟೆಯ ಹೊರಗೆ ಎಳೆದು, ಲಾರಿಯ ಗಂಟು ಹಾಕಿ ಬಿಗಿದರು. ಬಿರುಗಾಳಿ ಬಂದರೂ ಅಲ್ಲಾಡದು.

ಸಾಹೇಬರು ಒಳಗೆ ಹೋಗಿ ಮಂಜಿನಲ್ಲಿ ಮರೆಯಾದರು. ಸ್ವಲ್ಪ ಹೊತ್ತಿಗೆ ಗವಾಕ್ಷಿಯಿಂದ ಹೆಂಗಸರ ಮಾತು ಕೇಳಿಸಿತು.

"ಎಂಗದಮ್ಮಿ ಪರದೆ?"

"ಭದ್ರವಾಗದೆ ಅಕ್ಕ. ನೀರ್ನೆಲ್ಲ ಕೈ ಹಿಡ್ದು ಹೊರಗೆ ಕರ್ಕೊಂಡು ಬರ್ತಾ ಅದೆ. ಇವ್ರಿಗೆ ಮಳೆ ಹೊರಗಿಂದ ಬರೋದಷ್ಟೇ ಗೊತ್ತು. ಈಗ ಮಳೆ ಒಳಗದೆ."

ಕಿವಿಯಲ್ಲಿ ಸಾಬೂನಿದ್ದರೂ ಸಾಹೇಬರಿಗೆ ಸ್ಪಷ್ಟವಾಗಿ ಕೇಳಿಸಿತು. ಮಳೆ ಯಾವ ಕಡೆ ಇದೆ ಎಂದು ಮೂವತ್ತು ವರ್ಷದಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ. ಬಗ್ಗಿ ಗಂಟು ಬಿಚ್ಚಿದರು. ಉಸ್ತಾದರ ಕ್ಷಮೆ ಬೇಡಿ ಅಂಚನ್ನು ಕಟ್ಟೆಯ ಒಳಕ್ಕೆ ಎಳೆದುಕೊಂಡರು.

ಶುಕ್ರವಾರ ನಾಲ್ಕರ ಬಿಸಿಲು ಗವಾಕ್ಷಿಯಿಂದ ಪರದೆಯ ಮೇಲೆ ಬಿತ್ತು. ಸುತ್ತ ಬೆಳಗುವ ಮೋಡ, ತಲೆಯ ಮೇಲೆ ಬೆಚ್ಚಗಿನ ಮಳೆ. ಹಳೆಯ ವೈರಿಯ ಜೊತೆ ಒಂದೇ ಗಾಡಿಯಲ್ಲಿ ಕುಳಿತಂತೆ ಸಾಹೇಬರು ಕಣ್ಣು ಮುಚ್ಚಿದರು. ಹಿಂದೆಂದೂ ಕಾಡು ಇಷ್ಟು ಹತ್ತಿರ ಬಂದಿರಲಿಲ್ಲ.

ಪರದೆಯಾಚೆ ಬಾಗಿಲು ಸದ್ದಾಯಿತು. ಮೈಮುನಾ ಅಂಗೈಯಿಂದ ನೆಲ ಸವರಿ ನೋಡಿದರು. ಆಮೇಲೆ ಗೋಡೆ ಹಿಡಿಯದೆ, ಬರಿಗಾಲಲ್ಲಿ ನಲ್ಲಿಯವರೆಗೆ ನಡೆದರು. ಈ ಸಲ ಅವರು ಆಡಿದ್ದು ಉರ್ದು, ಗಂಡನಿಗಷ್ಟೇ ಕೇಳುವ ಹಾಗೆ.

"ಗಾಡಿ ಎಲ್ಲಿಗೆ ಬಂತು?"

ಮೋಡದೊಳಗಿನಿಂದ ಸಣ್ಣದೊಂದು ಹಾರನ್ ಕೇಳಿಸಿತು.