ಟ್ವೈಲಾ ಗಾಡಿಯ ಬಾಲ ಎತ್ತಿ ನೋಡಿದಳು

ಸ್ಟಾರ್ ವ್ಯಾಲಿ ಎಂಬ ಹಿಮದ ಕಣಿವೆಯ ಗಂಡಸರು ಹಿಮಗಾಡಿಯ ಮಾತಿಗೆ ಕೂತರೆ ಬಣ್ಣ ಕೇಳುವುದಿಲ್ಲ, ಎಂಜಿನ್ ಕೇಳುವುದಿಲ್ಲ. "ಎಷ್ಟುದ್ದ?" ಎನ್ನುತ್ತಾರೆ. ಗಾಡಿಯ ಹೊಟ್ಟೆಯಡಿ ಸುತ್ತುತ್ತ ಹಿಮವನ್ನು ಹಿಂದಕ್ಕೆ ತಳ್ಳುವ ರಬ್ಬರ್ ಪಟ್ಟಿಯ ಉದ್ದ ಅದು. ನೂರ ನಲವತ್ತಾರು ಇಂಚು ಎಂದವನನ್ನು ಅಯ್ಯೋ ಪಾಪ ಎಂಬಂತೆ ನೋಡುತ್ತಾರೆ. ನೂರ ಎಪ್ಪತ್ತನಾಲ್ಕು ಎಂದವನಿಗೆ ಒಲೆಯ ಪಕ್ಕದ ಕುರ್ಚಿ ಬಿಟ್ಟುಕೊಡುತ್ತಾರೆ. ಪಟ್ಟಿ ಉದ್ದವಾದಷ್ಟೂ ಗಾಡಿ ಪುಡಿಹಿಮದ ಮೇಲೆ ತೇಲುತ್ತದೆ, ಕಡಿದಾದ ಗುಡ್ಡವನ್ನು ನೆಟ್ಟಗೆ ಹತ್ತುತ್ತದೆ ಎನ್ನುವುದು ಸುಳ್ಳೇನಲ್ಲ. ಆದರೆ ಅದರ ಮೇಲೆ ಕೂರುವವರು ಯಾರು ಎಂದು ಮಾತ್ರ ಒಬ್ಬ ಮಹಾರಾಯನೂ ಕೇಳುವುದಿಲ್ಲ.

ಟ್ವೈಲಾ ಹೊಕನ್ಸನ್ ಎಂಬಾಕೆಗೆ ಐವತ್ತೇಳು ವರ್ಷ, ಐದಡಿಗೆ ಒಂದಿಷ್ಟು ಕಡಿಮೆ ಎತ್ತರ. ಬೇಟೆಯ ಕಾಲದಲ್ಲಿ ಊರಿನವರು ತಂದುಹಾಕುವ ಎಲ್ಕ್ ಕಡವೆಗಳನ್ನು ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಕಡಿದು, ಮಾಂಸ ಬಿಡಿಸಿ ಕೊಡುವುದು ಅವಳ ಕೆಲಸ. ಹಿಮ ಬಿತ್ತೆಂದರೆ ಶನಿವಾರಗಳು ಬೆಟ್ಟಕ್ಕೆ ಮೀಸಲು. ಆದರೆ ಮದುವೆಯಾದಾಗಿನಿಂದ ಅವಳು ಓಡಿಸಿದ್ದೆಲ್ಲ ಮೈದುನ ಡೆಲ್ಮಾರ್ ಬಿಟ್ಟ ಗಾಡಿಗಳೇ. ಡೆಲ್ಮಾರ್ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಬರುವ ಆಳು. ಅವನು ಹೊಸದು ಕೊಂಡಾಗಲೆಲ್ಲ ಹಿಂದಿನದಕ್ಕಿಂತ ಉದ್ದದ್ದು ಕೊಳ್ಳುತ್ತಿದ್ದ, ಹಳೆಯದು ಅತ್ತಿಗೆಯ ಪಾಲಿಗೆ ಬರುತ್ತಿತ್ತು. ಅವಳು ಮೈಯೆಲ್ಲ ಒಂದು ಕಡೆಗೆ ಹಾಕಿ ಜೋತುಬಿದ್ದರೂ ಆ ಉದ್ದನೆಯ ಗಾಡಿ ತಿರುಗದೆ, ಹಟ ಹಿಡಿದ ಕೋಣದ ಹಾಗೆ ನೆಟ್ಟಗೆ ಹೋಗಿ, ಮರದ ಬುಡದ ಹಳ್ಳಕ್ಕೆ ಮೂತಿ ತೂರಿಸಿ ನಿಲ್ಲುತ್ತಿತ್ತು. ಆಗ ಅವಳ ಗಂಡ ವರ್ಲ್ ಬರುತ್ತಿದ್ದ. ಸಲಿಕೆ ತೆಗೆದು ತೋಡುತ್ತಿದ್ದ.

ಶನಿವಾರ ಬೆಟ್ಟಕ್ಕೆ ಹೋಗುವ ಅವರ ತಂಡದಲ್ಲೊಂದು ಕಟ್ಟಳೆಯಿತ್ತು. ಯಾರ ಗಾಡಿಗೆ ಬೇರೆಯವರು ಸಲಿಕೆ ಹಾಕಬೇಕಾಯಿತೋ ಅವರು ಮುಂದಿನ ಶನಿವಾರ ಬೆಟ್ಟದ ತಪ್ಪಲಿನ ಮರದ ಗುಡಿಸಲಿಗೆ ಪೈ, ಅಂದರೆ ಹಿಟ್ಟಿನ ಹಾಳೆಯೊಳಗೆ ಹಣ್ಣು ತುಂಬಿ ಬೇಯಿಸಿದ ಸಿಹಿ, ಮಾಡಿಕೊಂಡು ಬರಬೇಕು. ಆಗಸ್ಟಿನಲ್ಲಿ ಬೆಟ್ಟದಲ್ಲಿ ಆಯ್ದು ತಂದ ನೇರಳೆ ಬಣ್ಣದ ಹಕಲ್‌ಬೆರಿ ಹಣ್ಣನ್ನೆಲ್ಲ ಟ್ವೈಲಾ ಈ ದಂಡಕ್ಕೇ ಸುರಿದಿದ್ದಳು. ಅವಳ ಪೈಯ ಅಂಚು ಮುರಿದರೆ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಗುಡಿಸಲಿನಲ್ಲಿ ಅದು ಬಿಸಿ ಚಾಕಲೇಟು ಕುದಿಯುವಷ್ಟರಲ್ಲಿ ಖಾಲಿ.

ಒಂದು ವಸಂತದಲ್ಲಿ ವರ್ಲ್‌ಗೆ ಆಪರೇಷನ್ ಮಾಡಿ ಮಂಡಿ ಬದಲಿಸಿದರು. ಬರುವ ಚಳಿಗಾಲ ಬೆಟ್ಟದ ಹೆಸರೆತ್ತಬಾರದು ಎಂದರು ಡಾಕ್ಟರು. ಅದೇ ಹೊತ್ತಿಗೆ ಟ್ವೈಲಾಳ ಹಳೇ ಗಾಡಿಯೂ ಎಂಜಿನ್ ಸುಟ್ಟುಕೊಂಡು ಕೂತಿತು. ಭಾನುವಾರದ ಊಟಕ್ಕೆ ಬಂದಿದ್ದ ಡೆಲ್ಮಾರ್ ಆಲೂಗಡ್ಡೆ ಬಡಿಸಿಕೊಳ್ಳುತ್ತ, ಒಳ್ಳೆಯ ಮನಸ್ಸಿನಿಂದಲೇ, ಹೇಳಬಾರದ ಮಾತು ಹೇಳಿದ.

"ಟ್ವೈಲಾ, ಬರೋ ಚಳಿಗಾಲ ನೀನು ಗುಡಿಸಲಲ್ಲೇ ಇದ್ಬಿಡು. ಒಲೆ ನೋಡ್ಕೋತಾ ಬೆಚ್ಚಗಿರು. ನಾವು ಮೇಲಿನ ಕೆರೆಗೆ ಹೋಗಿ ಮಧ್ಯಾಹ್ನಕ್ಕೆ ಬಂದ್ಬಿಡ್ತೀವಿ. ಅಣ್ಣ ಬೇರೆ ಇರಲ್ಲ, ನಿನ್ನ ಗಾಡಿ ಯಾರು ತೋಡ್ತಾರೆ?"

ಟ್ವೈಲಾಳ ಮುಖ ಕೆಂಪಾಯಿತು. "ಸರಿ ಕಣೋ, ಮಾತು ಅಂದ್ರೆ ಮಾತು. ಮೊದಲನೇ ದೊಡ್ಡ ಹಿಮದ ದಿನ ನನ್ ಗಾಡಿಗೆ ಯಾರದಾದ್ರೂ ಸಲಿಕೆ ತಾಗಲಿ, ಅಲ್ಲಿಂದಾಚೆಗೆ ನಾನು ಒಲೆ ಮುಂದೆನೇ. ತಾಗ್ಲಿಲ್ವೋ, ನೀನು ಜನ್ಮದಲ್ಲಿ ಆ ಮಾತು ಎತ್ತೋ ಹಾಗಿಲ್ಲ."

ಮುಂದಿನ ಚಳಿಗಾಲದ ಗಾಡಿಯನ್ನು ವಸಂತದಲ್ಲೇ ಹೇಳಿ ಇಡುವುದು ಅಲ್ಲಿನ ರೂಢಿ. ಹಿಮ ಎಷ್ಟು ಬೀಳುತ್ತದೋ ದೇವರಿಗೇ ಗೊತ್ತು, ಉದ್ದ ಮಾತ್ರ ಏಪ್ರಿಲ್‌ನಲ್ಲೇ ತೀರ್ಮಾನವಾಗಬೇಕು. ಅಂಗಡಿಯಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು. ಊರುಗೋಲಿನಲ್ಲಿ ವರ್ಲ್, ಸಲಹೆಯ ಗಂಟು ಹೊತ್ತು ಡೆಲ್ಮಾರ್. ಟ್ವೈಲಾ ಒಂದರ ಮೇಲೂ ಕೂರಲಿಲ್ಲ. ಕೋಟು ಬಿಚ್ಚಿಟ್ಟು, ನೂರ ಎಪ್ಪತ್ತನಾಲ್ಕರ ಹಿಂದೆ ಹೋಗಿ, ಬಾಲದ ಕಂಬಿ ಹಿಡಿದು ಎತ್ತಿದಳು. ಗೇಣೂ ಏಳಲಿಲ್ಲ. ನೂರ ಅರವತ್ತೈದು ಮೊಣಕಾಲವರೆಗೆ ಬಂದು, ಕಣ್ಣಿಗೆ ಕತ್ತಲೆ ತಂದು, ಕೆಳಗಿಳಿಯಿತು. ನೂರ ಐವತ್ತೈದು ಎದ್ದಿತು, ಆದರೆ ಪಕ್ಕಕ್ಕೆ ಸರಿಯಲಿಲ್ಲ. ಕಡೆಗೆ ನೂರ ನಲವತ್ತಾರನ್ನು ಎತ್ತಿ, ಒಂದು ಹೆಜ್ಜೆ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡಳು.

"ಇದು."

ಡೆಲ್ಮಾರ್ ಹಣೆ ಚಚ್ಚಿಕೊಂಡ. "ಅದು ಫೆಬ್ರವರಿ ಹಿಮದಲ್ಲಿ ಕಲ್ಲು ಮುಳುಗಿದ ಹಾಗೆ ಮುಳುಗುತ್ತೆ! ಗಾಡಿ ತಗೋಳ್ಳೋರು ಬಾಲ ಎತ್ತಿ ನೋಡ್ತಾರಾ? ದನದ ಸಂತೆಗೆ ಬಂದಿದೀಯಾ?"

ಅಂಗಡಿಯವನೂ ನಯವಾಗಿ ಸೇರಿಸಿದ: "ತೂಕದಲ್ಲಿ ಅಂಥಾ ವ್ಯತ್ಯಾಸ ಇಲ್ಲ ಟ್ವೈಲಾ ಅವ್ರೇ, ಒಂದೊಂದಕ್ಕೂ ನಾಲ್ಕೈದು ಪೌಂಡು ಅಷ್ಟೇ."

"ಆ ಕೊನೇ ನಾಲ್ಕೈದು ಪೌಂಡೇ ಸೊಂಟ ಹಿಡಿಯೋದು. ಕಡವೆ ತೊಡೆ ಕೊಕ್ಕೆಗೆ ಹಾಕೋಳು ನಾನು, ನನ್ ಕೈಗೆ ಗೊತ್ತು."

ವರ್ಲ್ ಗಡ್ಡ ಕೆರೆದುಕೊಂಡ. "ಒಂದ್ ಸ್ವಲ್ಪ ಉದ್ದ ತಗೊಳ್ಳೇ. ನಾನಿರಲ್ಲ ಅಲ್ಲಿ."

"ನೀನಿರಲ್ಲ ಅಂತಾನೇ ಇದು," ಎಂದಳು ಟ್ವೈಲಾ. ವರ್ಲ್‌ಗೆ ಅವಳ ಮಾತು ಅರ್ಥವಾಯಿತು. ಅವನು ಮುಂಗಡ ಕೊಡಲು ಜೇಬಿಗೆ ಕೈಹಾಕಿದ.

ಆ ಚಳಿಗಾಲದ ಮೊದಲ ದೊಡ್ಡ ಹಿಮ ಬಂದದ್ದೇ ಫೆಬ್ರವರಿಯಲ್ಲಿ. ಆಕಾಶ ಕಿತ್ತುಕೊಂಡು ಬಂದಂತೆ ವಾರವಿಡೀ ಹಿಮ ಸುರಿದು, ಶನಿವಾರ ಬೆಳಿಗ್ಗೆ ಬೆಟ್ಟ ಹೊಳೆಯುತ್ತಿತ್ತು. ಡೆಲ್ಮಾರ್ ಮತ್ತು ಇನ್ನಿಬ್ಬರು ಬೋಳು ಇಳಿಜಾರನ್ನು ನೆಟ್ಟಗೆ ಹತ್ತಿ ಮೇಲೆ ನಿಂತು ಕೈಬೀಸಿದರು. ಟ್ವೈಲಾ ಅರ್ಧಕ್ಕೆ ಹೋಗಿ, ಗಾಡಿ ಕುಸಿಯುತ್ತಿದೆ ಎನ್ನುವಾಗ ತಿರುಗಿಸಿಕೊಂಡು ಬಂದಳು. ಮತ್ತೆ ಹೋದಳು, ಮತ್ತೆ ಬಂದಳು. ಡೆಲ್ಮಾರ್ ಹೇಳಿದ್ದು ಆ ಮಟ್ಟಿಗೆ ನಿಜವೇ. ಸರಿ, ಇಳಿಜಾರಿನ ಸಹವಾಸ ಬಿಟ್ಟು ಸೂಜಿಯೆಲೆಯ ಫರ್ ಮರಗಳ ನಡುವೆ ನುಗ್ಗಿದಳು.

ಅಲ್ಲಿ ಏನಾಯಿತೆಂದರೆ, ಅವಳು ಒಂದು ಭುಜ ಬಾಗಿಸಿದಳು, ಗಾಡಿ ತಿರುಗಿತು. ಅಷ್ಟೇ! ಇನ್ನೊಂದು ಭುಜ ಬಾಗಿಸಿದಳು, ಆ ಕಡೆಗೂ ತಿರುಗಿತು. ಇಷ್ಟು ವರ್ಷ ಗಾಡಿ ಅವಳನ್ನು ಎಳೆದುಕೊಂಡು ಹೋಗಿತ್ತು. ಈಗ ಅವಳೇ ಅದನ್ನು ಕರೆದುಕೊಂಡು ಹೋಗುತ್ತಿದ್ದಳು. ಕೊಂಬೆಯ ಹಿಮ ಕತ್ತಿನೊಳಗೆ ಸುರಿದರೂ ಲೆಕ್ಕಿಸದೆ, ಹೆಲ್ಮೆಟ್ಟಿನೊಳಗೆ ಭಾನುವಾರದ ಪ್ರಾರ್ಥನೆಗೀತೆಯನ್ನು ಶ್ರುತಿಯಿಲ್ಲದೆ ಕೂಗಿ ಹಾಡುತ್ತ ಹತ್ತಿದಳು. ಅವಳಿಗೆ ಅಷ್ಟು ಖುಷಿಯಾಗಿತ್ತು.

ಖುಷಿ ಹೆಚ್ಚಾಗಿ ಒಂದು ತಿರುವು ತಪ್ಪಿತು. ಗಾಡಿ ಮರದ ಬುಡಕ್ಕೆ ಮೂತಿ ತೂರಿಸಿ ಕೂತಿತು, ಹಳೇ ಚಾಳಿಯಂತೆ. ಎಂಜಿನ್ ಸದ್ದು ನಿಂತದ್ದು ಕೇಳಿ ಮೇಲಿನಿಂದ ಡೆಲ್ಮಾರ್ ಏದುಸಿರು ಬಿಡುತ್ತ ನಡೆದು ಬಂದ. ಕೈಯಲ್ಲಿ ಸಲಿಕೆ.

"ಮುಟ್ಟಬೇಡ!" ಎಂದು ಕಿರುಚಿದಳು ಟ್ವೈಲಾ.

"ಅಲ್ವೇ, ಸಂಜೆವರೆಗೂ ಇಲ್ಲೇ..."

"ಸಲಿಕೆ ಕೆಳಗಿಡೋ!"

ಅವನು ಸಲಿಕೆ ಕೆಳಗಿಟ್ಟ. ಅವಳು ಗಾಡಿಯ ಪಕ್ಕದ ಹಿಮವನ್ನು ಬೂಟಿನಲ್ಲಿ ತುಳಿದು ತುಳಿದು ಗಟ್ಟಿ ಮಾಡಿದಳು. ಹಿಂದೆ ಹೋಗಿ ಬಾಲದ ಕಂಬಿ ಹಿಡಿದಳು. ಏಪ್ರಿಲ್‌ನಲ್ಲಿ ಅಂಗಡಿಯ ನೆಲದ ಮೇಲೆ ಎತ್ತಿದ್ದೇ ಭಾರ, ಅದೇ ಕೈ. ಬಾಲ ಎದ್ದಿತು, ಪಕ್ಕಕ್ಕೆ ಬಂತು, ತುಳಿದ ಹಿಮದ ಮೇಲೆ ಕೂತಿತು. ಅವಳು ಏರಿ ಕೂತು ಹಿಮ್ಮುಖವಾಗಿ ಜಗ್ಗಿಸಿದಳು. ಗಾಡಿ ಡೆಲ್ಮಾರ್‌ನ ಮುಖಕ್ಕೆ ಒಂದು ಬೊಗಸೆ ಹಿಮ ಎರಚಿ ಹೊರಬಂತು.

ಹಿಮ ಒರೆಸಿಕೊಂಡು ಅವನೂ ನಕ್ಕುಬಿಟ್ಟ. "ಆಯ್ತು ಮಾರಾಯ್ತಿ, ಜನ್ಮದಲ್ಲಿ ಎತ್ತಲ್ಲ."

ಮೇಲಿನ ಕೆರೆಯ ದಂಡೆಯಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತದೆ. ಟ್ವೈಲಾ ಮನೆಗೆ ಫೋನ್ ಮಾಡಿದಳು, ವರ್ಲ್ ಮೊದಲ ರಿಂಗಿಗೇ ಎತ್ತಿದ.

"ಹೂತ್ಕೊಂಡ್ಯಾ?"

"ಹೂತ್ಕೊಂಡೆ."

"ಯಾರು ತೋಡಿದ್ರು?"

"ಯಾರೂ ಇಲ್ಲ."

ಆ ಕಡೆಯಿಂದ ಬಂದ ಕೇಕೆಗೆ ಅವಳು ಫೋನನ್ನು ಕಿವಿಯಿಂದ ದೂರ ಹಿಡಿದಳು.

ಇಳಿಯುವಾಗ ಡೆಲ್ಮಾರ್‌ನ ಉದ್ದನೆಯ ಗಾಡಿ ಎರಡು ಮರಗಳ ನಡುವೆ ತಿರುಗಲಾರದೆ ಸಿಕ್ಕಿಕೊಂಡು, ನಾಲ್ವರೂ ಸೇರಿ ತೋಡಬೇಕಾಯಿತು. ಮುಂದಿನ ಶನಿವಾರದ ಪೈ ಅವನದು. ತಳ ಹತ್ತಿ, ನಡುವೆ ಹಸಿಯಾಗಿದ್ದ ಅದನ್ನು ಎಲ್ಲರೂ ಗುಡಿಸಲಿನಲ್ಲಿ ಕಷ್ಟಪಟ್ಟು ಅಗಿದರು. "ಟ್ವೈಲಾ," ಎಂದ ಡೆಲ್ಮಾರ್ ತನ್ನ ತುಂಡನ್ನು ಪಕ್ಕಕ್ಕೆ ಸರಿಸುತ್ತ, "ನಿನ್ ಗಾಡಿ ಒಂದ್ ಸ್ವಲ್ಪ ಉದ್ದ ಇದ್ದಿದ್ರೇ ಚೆನ್ನಾಗಿತ್ತು ಕಣೇ."

ಅವಳ ಪೈ ಮನೆಯಲ್ಲಿತ್ತು. ಬೆಳಿಗ್ಗೆ ಹೊರಡುವ ಮೊದಲೇ ಬೇಯಿಸಿ, ಇಡಿಯಾಗಿ ವರ್ಲ್‌ನ ಮುಂದೆ ಇಟ್ಟು ಬಂದಿದ್ದಳು. ಸಂಜೆ ಬಂದಾಗ ಅರ್ಧ ಮಾತ್ರ ಉಳಿದಿತ್ತು. ವರ್ಲ್‌ನ ಗಡ್ಡವೆಲ್ಲ ನೇರಳೆ ಬಣ್ಣ. ಇಷ್ಟು ವರ್ಷ ತೋಡಿದವನು ಅವನು, ಮುಕ್ಕಾಲು ಪಾಲು ತಿಂದವರು ಬೇರೆಯವರು.

"ಮಂಡಿ ಸರಿಹೋದ್ಮೇಲೆ ನಾನೂ ಬರ್ತೀನಲ್ಲ," ಎಂದ ವರ್ಲ್, ಇನ್ನೊಂದು ತುಂಡು ಕೊಯ್ಯುತ್ತ. "ಆವಾಗ ನಾನು ಹೂತ್ಕೊಂಡ್ರೆ?"

"ನಾನ್ ತೋಡ್ತೀನಿ," ಎಂದಳು ಟ್ವೈಲಾ, ಒದ್ದೆ ಬೂಟು ಬಿಚ್ಚುತ್ತ.